‘ನಿಯಂತ್ರಣ ತಪ್ಪಿ’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ನಾನು ಇಪ್ಪತ್ತಾರು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಒಪ್ಪದ ಪದ ಕಂಡಲ್ಲಿ ಕೆಂಪು ಗೆರೆ ಎಳೆಯುವುದು ಕೈಗೆ ಅಂಟಿಕೊಂಡ ಚಟ. ಬೆಳಗ್ಗೆ ಕಾಫಿ ಕುಡಿಯುತ್ತ ನಿಮ್ಮ ಪತ್ರಿಕೆಯನ್ನೂ ಬಿಡುವುದಿಲ್ಲ. ಈ ಪತ್ರ ಅಂಥದ್ದೊಂದು ಕೆಂಪು ಗೆರೆಯ ವಿಷಯ. ಜಿಲ್ಲಾ ಪುಟದಲ್ಲಿ ಮತ್ತೆ ಮತ್ತೆ ಬರುವ ವಾಕ್ಯವಿದು: ‘ನಿಯಂತ್ರಣ ತಪ್ಪಿ ಬೈಕ್ ಮರಕ್ಕೆ ಡಿಕ್ಕಿ ಹೊಡೆದು ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾನೆ.’ ಒಮ್ಮೆ ಮರ, ಒಮ್ಮೆ ವಿದ್ಯುತ್ ಕಂಬ, ಒಮ್ಮೆ ಸೇತುವೆಯ ತಡೆಗೋಡೆ, ಮತ್ತೊಮ್ಮೆ ಕತ್ತಲಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರ್. ‘ನಿಯಂತ್ರಣ ತಪ್ಪಿ’ ಎಂಬುದು ಮಾತ್ರ ಅಚ್ಚಿನ ಮೊಳೆ ಜೋಡಿಸಿಟ್ಟಂತೆ ಅಲ್ಲೇ ಇರುತ್ತದೆ. ಸ್ವಾಮಿ, ತಪ್ಪಬೇಕಾದರೆ ಮೊದಲು ಅದು ಇರಬೇಕಲ್ಲವೇ? ಇಲ್ಲದ ಸೊಂಟದ ಪಟ್ಟಿ ಬಿದ್ದುಹೋಯಿತು ಎಂದು ಯಾರಾದರೂ ದೂರು ಕೊಡುತ್ತಾರೆಯೇ?

ಕಳೆದ ತಿಂಗಳು ಅದೇ ವಾಕ್ಯ ನಮ್ಮ ಶಾಲೆಯಲ್ಲೇ ಓದಿದ ಹುಡುಗನೊಬ್ಬನ ಬಗ್ಗೆ ಬಂತು. ಹತ್ತೊಂಬತ್ತು ವರ್ಷ. ಹೆಸರು ಬರೆಯುವುದಿಲ್ಲ, ಅವನ ತಾಯಿ ಯಾರಿಂದಲಾದರೂ ಈ ಪತ್ರವನ್ನು ಓದಿಸಿಕೊಂಡಾರು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಬೈಕ್ ಕಲಿತ ಕಥೆ ಹೇಳಬೇಕು. ಅದನ್ನು ಹೇಳದಿದ್ದರೆ, ರಸ್ತೆಯ ಮೇಲೆ ನಾನು ಕಂಡದ್ದನ್ನು ನೀವು ನಂಬುವುದಿಲ್ಲ.

ಮೂರು ವರ್ಷದ ಹಿಂದಿನವರೆಗೆ ನನ್ನದು ಸ್ಕೂಟರ್. ನಮ್ಮದು ಮೈಸೂರು ಜಿಲ್ಲೆಯ ಹೊಗೆಸೊಪ್ಪಿನ ಸೀಮೆ. ಮನೆಯಿಂದ ಶಾಲೆಗೆ ಹದಿನಾಲ್ಕು ಕಿಲೋಮೀಟರ್. ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಕಡೆ ಬಂದವರು ನೋಡಿರುತ್ತಾರೆ, ಕಣ ಮಾಡುವವರು ಕಡಿಮೆಯಾಗಿ ಡಾಂಬರು ರಸ್ತೆಯೇ ಕಣವಾಗಿಬಿಟ್ಟಿದೆ. ರಾಗಿ, ಹುರುಳಿ, ಅವರೆ ಎಲ್ಲವನ್ನೂ ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಬಸ್ಸಿಗೆ ಏನೂ ಆಗುವುದಿಲ್ಲ. ನಾನು ತಿರುವು ದಾಟಿದೊಡನೆ ಮುಂದೆ ಮಾರುದ್ದದ ಹುರುಳಿ ಹಾಸು ಕಂಡೆ. ಗಾಬರಿಯಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ ಅಮುಕಿದೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಚಕ್ರ ನಿಂತರೆ ಎಣ್ಣೆಯ ಮೇಲೆ ನಿಂತಂತೆ. ಮೊಣಕೈ ಮೂಳೆ ಮುರಿಯಿತು, ಆರು ವಾರ ಪ್ಲಾಸ್ಟರ್. ಹುರುಳಿಯ ಯಜಮಾನರು ಓಡಿ ಬಂದು, ‘ಮೇಡಂ, ನೀವು ಬ್ರೇಕ್ ಹಿಡಿಯಬಾರದಾಗಿತ್ತು’ ಎಂದರು. ಆಗ ಮೈಯೆಲ್ಲ ಉರಿದುಹೋಗಿತ್ತು. ಒಕ್ಕಣೆಯನ್ನು ರಸ್ತೆಗೆ ತಂದ ಅವರ ತಪ್ಪನ್ನು ನಾನು ಇವತ್ತಿಗೂ ಮನ್ನಿಸಿಲ್ಲ, ಆದರೆ ಮಾತು ಸತ್ಯವಾಗಿತ್ತು.

ಬಸ್ಸಿನಲ್ಲಿ ಹೋಗು ಎಂದು ಮನೆಯವರೆಲ್ಲ ತೀರ್ಮಾನ ಕೊಟ್ಟರು. ನಮ್ಮ ದಾರಿಗೆ ಬೆಳಗ್ಗೆ ಏಳು ನಲವತ್ತಕ್ಕೆ ಒಂದು ಬಸ್ಸು, ಆಮೇಲಿನದು ಹತ್ತೂವರೆಗೆ. ಮೊದಲನೆಯದಕ್ಕೆ ಹತ್ತಿದರೆ ಶಾಲೆಯ ಬೀಗ ನಾನೇ ತೆಗೆಯಬೇಕು, ಎರಡನೆಯದಕ್ಕೆ ಹತ್ತಿದರೆ ಮುಖ್ಯೋಪಾಧ್ಯಾಯರ ಮುಖ ನೋಡಬೇಕು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅವನ 150 ಸಿಸಿ ಬೈಕ್ ಶೀಟಿನ ಕೆಳಗೆ ಧೂಳು ಹಿಡಿಯುತ್ತ ನಿಂತಿತ್ತು. ನನ್ನ ಸ್ಕೂಟರಿನ ಚಕ್ರ ಹತ್ತು ಇಂಚಿನದು, ಅದರದು ಹದಿನೇಳು. ನಮ್ಮ ರಸ್ತೆಯ ಗುಂಡಿಗಳಿಗೆ ಈ ಏಳು ಇಂಚು ದೊಡ್ಡ ವ್ಯತ್ಯಾಸ. ಅದನ್ನೇ ಕಲಿಯುತ್ತೇನೆ ಎಂದಾಗ ನಮ್ಮ ಯಜಮಾನರು ಚಪಾತಿ ಕೈಯಲ್ಲಿ ಹಿಡಿದುಕೊಂಡೇ ನಕ್ಕರು.

ನನ್ನ ಪರವಾನಗಿ ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದದ್ದು. ಗೇರ್ ಇರುವುದಕ್ಕೆ ಮತ್ತೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಪರವಾನಗಿ, ಮಾಡಿಸಬೇಕು, ಮೂವತ್ತು ದಿನ ಕಾಯಬೇಕು, ಆರು ತಿಂಗಳೊಳಗೆ ಪರೀಕ್ಷೆ ಕೊಡಬೇಕು. ಪಟ್ಟಣದ ಡ್ರೈವಿಂಗ್ ಸ್ಕೂಲೊಂದಕ್ಕೆ ಹಣ ಕಟ್ಟಿದೆ. ನಾಲ್ಕು ದಿನ ಬೆಳಗ್ಗೆ ಖಾಲಿ ಸೈಟಿನಲ್ಲಿ ಸುಣ್ಣದಲ್ಲಿ ಬರೆದ ‘8’ರ ಮೇಲೆ ನನ್ನನ್ನು ಸುತ್ತಿಸಿದರು, ಒಂದನೆಯ ಗೇರಿನಲ್ಲಿ. ಎರಡನೆಯ ಗೇರ್ ಯಾವಾಗ ಎಂದು ಕೇಳಿದ್ದಕ್ಕೆ, ‘ಟೆಸ್ಟಿಗೆ ಅದು ಬೇಡ ಮೇಡಂ’ ಎಂದರು. ಟೆಸ್ಟಿಗೂ ಅದು ಬೇಕಾಗಲಿಲ್ಲ ನೋಡಿ. ಎಂಟು ಸುತ್ತಿ ಬಂದೆ, ಕಾಲು ನೆಲಕ್ಕೆ ತಾಗಲಿಲ್ಲ, ಪಾಸು. ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮ ಕಡೆ ಮೋಟಾರು ವಾಹನ ನಿರೀಕ್ಷಕರನ್ನು ಜನ ಈಗಲೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುತ್ತಾರೆ. ಆ ದಿನ ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರನ್ನೂ ಬ್ರೇಕ್ ಹಿಡಿದು ತೋರಿಸಿ ಎಂದು ಕೇಳಲಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದವು. ಅದರ 15ನೆಯ ನಿಯಮದಲ್ಲಿ ಚಾಲನಾ ಪರೀಕ್ಷೆಯಲ್ಲಿ ಏನೇನು ನೋಡಬೇಕು ಎಂಬ ಪಟ್ಟಿಯೇ ಇದೆ. ಕನ್ನಡಿ ನೋಡುವುದು, ಗೇರ್ ಬದಲಿಸುವುದು, ಸಂಜ್ಞೆ ಕೊಡುವುದು, ಜೊತೆಗೆ ತುರ್ತು ಸಂದರ್ಭದಲ್ಲಿ ವಾಹನ ನಿಲ್ಲಿಸುವುದು. ಅಂದರೆ ಹೊಸ ಕಾನೂನೇನೂ ಬೇಕಾಗಿಲ್ಲ. ಪುಸ್ತಕದಲ್ಲಿ ಇರುವ ಪ್ರಶ್ನೆಯನ್ನೇ ಕೇಳದೆ ಅಂಕ ಕೊಡುತ್ತಿದ್ದಾರೆ, ಅಷ್ಟೇ. ನಮ್ಮ ಶಾಲೆಯಲ್ಲಿ ನಾನು ಹಾಗೆ ಮಾಡಿದ್ದರೆ ನನಗೆ ನೋಟಿಸ್ ಬರುತ್ತಿತ್ತು.

ಪರವಾನಗಿ ಕೈಗೆ ಬಂದ ದಿನ ಗಾಡಿಯನ್ನು ಮನೆಯಿಂದ ಗೇಟಿನವರೆಗೆ ತಂದು ನಿಲ್ಲಿಸಿದೆ. ಮುಂದೆ ಹೋಗಲು ಧೈರ್ಯ ಬರಲಿಲ್ಲ. ಮಗ ಫೋನಿನಲ್ಲಿ ಕೇಳಿಕೊಂಡು, ಬೆಂಗಳೂರಿನ ಹೊರವಲಯದಲ್ಲಿ ಎರಡು ದಿನದ ತರಬೇತಿ ನಡೆಸುವವರನ್ನು ಹುಡುಕಿದ. 6,500 ರೂಪಾಯಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಗ್ಲೌಸು, ಕಣಕಾಲು ಮುಚ್ಚುವ ಬೂಟು ಇಲ್ಲದೆ ಮೈದಾನಕ್ಕೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದರು. ಮಗನ ಹಳೆಯ ಬೂಟಿನ ಮೂತಿಗೆ ಹತ್ತಿ ತುರುಕಿಕೊಂಡು ಹೋದೆ. ಒಂಬತ್ತು ಜನರಲ್ಲಿ ಹೆಂಗಸರು ಇಬ್ಬರು. ವಯಸ್ಸಿನಲ್ಲಿ ನನ್ನ ಹತ್ತಿರಕ್ಕೂ ಯಾರೂ ಇರಲಿಲ್ಲ. ಕಲಿಸುವವಳಿಗೆ ಹೆಚ್ಚೆಂದರೆ ಇಪ್ಪತ್ತೆಂಟು. ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ, ಅವಳು ನನ್ನನ್ನು ಮೇಡಂ ಎನ್ನುತ್ತಿದ್ದಳು, ಉಳಿದವರು ಗೊಂದಲದಲ್ಲಿದ್ದರು.

ಮೊದಲ ಎರಡು ಗಂಟೆ ಎಂಜಿನ್ ಚಾಲೂ ಮಾಡಲು ಬಿಡಲಿಲ್ಲ. ಗಾಡಿಯನ್ನು ಕೈಯಲ್ಲಿ ತಳ್ಳಿಕೊಂಡು ಮೈದಾನ ಸುತ್ತಬೇಕು. ಎಡಗಡೆಯಿಂದ ಮುಂದಿನ ಬ್ರೇಕ್ ಹಿಡಿದುಕೊಂಡು ಹತ್ತಬೇಕು, ಹಾಗೆಯೇ ಇಳಿಯಬೇಕು, ಮತ್ತೆ ಹತ್ತಬೇಕು. ಟ್ಯಾಂಕನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಕೈಗಳನ್ನು ಸಡಿಲ ಬಿಡಬೇಕು. ಪ್ಲಾಸ್ಟರ್ ಬಿಚ್ಚಿದ ನನ್ನ ಕೈ ಹ್ಯಾಂಡಲನ್ನು ಬಾವಿ ಹಗ್ಗದಂತೆ ಬಿಗಿದುಕೊಂಡಿತ್ತು. ಕ್ಲಚ್ಚಿನ ಪಾಠಕ್ಕೆ ಪೂರ್ತಿ ಒಂದು ಗಂಟೆ. ನಿಧಾನ ಬಿಡುತ್ತ ಹೋದಾಗ ಗಾಡಿ ‘ಹೊರಡಲೇ’ ಎಂದು ಕೇಳುವ ಒಂದು ಜಾಗವಿದೆ. ಅಲ್ಲೇ ಹಿಡಿದು ಒಂದು ಮೊಳ ಮುಂದೆ, ಕಾಲಲ್ಲಿ ತಳ್ಳಿಕೊಂಡು ಒಂದು ಮೊಳ ಹಿಂದೆ. ‘ಹಾಫ್ ಕ್ಲಚ್’ ಎಂದು ನಮ್ಮವರೆಲ್ಲ ಬಾಯಲ್ಲಿ ಹೇಳುವುದು ಇದನ್ನೇ ಎಂದು ಅವತ್ತು ಕೈಗೆ ತಿಳಿಯಿತು.

ಮಧ್ಯಾಹ್ನ ನೆಲದ ಮೇಲೆ ಎರಡು ಗೆರೆ ಎಳೆದರು. ನಡುವೆ ಅಂಗೈ ಎರಡು ಚಾಚಿದಷ್ಟೇ ಜಾಗ. ಅದರೊಳಗೆ ಸಾಧ್ಯವಾದಷ್ಟು ನಿಧಾನವಾಗಿ ಹೋಗಬೇಕಂತೆ. ಜಪಾನಿನಲ್ಲಿ ಬೈಕ್ ಪರವಾನಗಿಗೆ 30 ಸೆಂಟಿಮೀಟರ್ ಅಗಲ, 15 ಮೀಟರ್ ಉದ್ದದ ಹಲಗೆಯ ಮೇಲೆ ಓಡಿಸಬೇಕು. 400 ಸಿಸಿವರೆಗಿನ ಗಾಡಿಗೆ ಏಳು ಸೆಕೆಂಡಿಗಿಂತ ಬೇಗ ದಾಟಿದರೆ ಅಂಕ ಕಡಿಯುತ್ತಾರೆ ಎಂದು ಅವಳು ಹೇಳಿದಳು. ಬೇಗ ದಾಟಿದರೆ! ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾನು ನಾಲ್ಕು ಸೆಕೆಂಡಿನಲ್ಲಿ ಗೆರೆಯಿಂದ ಆಚೆ ಬಿದ್ದೆ. ವೇಗವಾಗಿ ಹೋಗುವುದಕ್ಕೆ ವಿದ್ಯೆ ಬೇಕಿಲ್ಲ, ಎಂಜಿನ್ನಿಗೆ ಅದು ಗೊತ್ತಿದೆ. ನಿಧಾನ ಹೋಗುವಾಗ ಕ್ಲಚ್ಚು, ಹಿಂದಿನ ಬ್ರೇಕು, ಕಣ್ಣು ಮೂರೂ ಕೂಡಿ ಬರಬೇಕು.

ಅದರಲ್ಲೂ ಕಣ್ಣು. ಕಿತ್ತಳೆ ಬಣ್ಣದ ಶಂಕುಗಳ ನಡುವೆ ಓಡಿಸುವಾಗ, ಇದಕ್ಕೆ ತಾಗಬಾರದು ಎಂದು ನಾನು ಯಾವ ಶಂಕುವನ್ನು ನೋಡುತ್ತಿದ್ದೆನೋ ಸರಿಯಾಗಿ ಅದಕ್ಕೇ ಹೋಗಿ ಗುದ್ದುತ್ತಿದ್ದೆ. ‘ಮೇಡಂ, ಗಾಡಿ ನಿಮ್ಮ ಕಣ್ಣಿನ ಹಿಂದೆ ಬರುತ್ತದೆ. ಹೋಗಬೇಕಾದ ಕಡೆ ನೋಡಿ, ಗುದ್ದುವ ಕಡೆಯಲ್ಲ’ ಎಂದಳು. ಸ್ವಲ್ಪ ವೇಗ ಬಂದ ಮೇಲೆ ಇನ್ನೊಂದು ವಿಚಿತ್ರ: ಎಡಕ್ಕೆ ತಿರುಗಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಅಂದರೆ ಒಂದು ಕ್ಷಣ ಚಕ್ರ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆ ತಿರುಗುತ್ತದೆ. ಇದು ಶುದ್ಧ ಸುಳ್ಳೆಂದು ನಾನು ವಾದ ಮಾಡಿದೆ. ಮಾಡಿ ನೋಡಿದ ಮೇಲೆ ಸುಮ್ಮನಾದೆ. ಸೈಕಲ್ ಕಲಿತ ದಿನದಿಂದ ನನಗೆ ಗೊತ್ತಿಲ್ಲದೆ ನನ್ನ ಕೈ ಇದನ್ನೇ ಮಾಡುತ್ತಿತ್ತು. ಅವಸರದಲ್ಲಿ ಮಾತ್ರ ಮರೆಯುತ್ತಿತ್ತು.

ಎರಡನೆಯ ದಿನ ಬ್ರೇಕು. ಇದಕ್ಕಾಗಿಯೇ ಈ ಪತ್ರ. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಬಂದು, ಬಿಳಿ ಗೆರೆಯ ಬಳಿ ಬ್ರೇಕ್ ಹಿಡಿಯಬೇಕು. ಮೊದಲು ಹಿಂದಿನದೊಂದೇ. ಕಾಲನ್ನು ಒತ್ತಿದೆ, ಚಕ್ರ ಕಟ್ಟಿಕೊಂಡು ಗಾಡಿಯ ಬಾಲ ಅತ್ತಿತ್ತ ಅಲ್ಲಾಡಿ ಜಾರುತ್ತ ಹೋಗಿ ನಿಂತಿತು. ಹೆಜ್ಜೆ ಹಾಕಿ ಅಳೆದೆವು, ಇಪ್ಪತ್ತೆರಡು. ಆಮೇಲೆ ಎರಡೂ ಬ್ರೇಕು ಒಟ್ಟಿಗೆ, ಮುಂದಿನದನ್ನು ಮೆಲ್ಲಗೆ ಆರಂಭಿಸಿ ಬಿಗಿಗೊಳಿಸುತ್ತ. ಹದಿಮೂರು ಹೆಜ್ಜೆ! ನಡುವಿನ ಒಂಬತ್ತು ಹೆಜ್ಜೆಯ ಜಾಗದಲ್ಲಿ ಒಂದು ಹಸು, ಒಂದು ಮಗು, ಒಂದು ಆಟೋ ಆರಾಮವಾಗಿ ನಿಲ್ಲುತ್ತವೆ.

ಕಾರಣ ಕಷ್ಟದ್ದೇನಲ್ಲ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಬೀಳುವುದಿಲ್ಲವೇ, ಹಾಗೆ. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಆದರೆ ಅದನ್ನು ಒಮ್ಮೆಲೇ ಅಮುಕಿದರೆ, ಭಾರ ಮುಂದೆ ಬರುವ ಮೊದಲೇ ಚಕ್ರ ಕಟ್ಟಿಕೊಂಡು ಬೀಳಿಸುತ್ತದೆ. ನಮ್ಮ ತವರಿನಲ್ಲಿ ಹಾಲು ಕರೆದು ಬೆಳೆದವಳು ನಾನು. ಕೆಚ್ಚಲನ್ನು ಜಗ್ಗಿದರೆ ಹಸು ಒದೆಯುತ್ತದೆ. ಬೆರಳನ್ನು ಒಂದೊಂದಾಗಿ ಬಿಗಿಯುತ್ತ ಬಂದರೆ ಪಾತ್ರೆ ತುಂಬುತ್ತದೆ. ಮುಂದಿನ ಬ್ರೇಕು ಹಾಗೆ ಎಂದೆ. ಕಲಿಸುವ ಹುಡುಗಿಗೆ ಹಸುವಿನ ಪರಿಚಯ ಇರಲಿಲ್ಲ, ಆದರೂ ಮುಂದಿನ ತಂಡಕ್ಕೆ ಇದನ್ನೇ ಹೇಳುತ್ತೇನೆ ಎಂದಳು.

‘ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳುತ್ತೀಯ.’ ನಮ್ಮ ಯಜಮಾನರಿಗೆ ಅವರ ಅಣ್ಣ ಹೇಳಿಕೊಟ್ಟ ಪಾಠ ಇದು. ಅಣ್ಣನಿಗೆ ಯಾರೋ ಮಾವ ಹೇಳಿದ್ದು. ನಮ್ಮಲ್ಲಿ ಬೈಕ್ ವಿದ್ಯೆ ಹರಿದು ಬಂದಿರುವುದು ಹೀಗೆಯೇ, ಒಂದು ಸಂಜೆ, ಒಂದು ಮೈದಾನ, ಹಿಂದೆ ಕೂತು ಕೂಗುವ ಒಬ್ಬ ನೆಂಟ. ಊರಿಗೆ ಬಂದ ಭಾನುವಾರ ನಮ್ಮ ಶಾಲೆಯ ಮೈದಾನದಲ್ಲಿ ಗೆರೆ ಎಳೆದು ಅವರನ್ನು ಕರೆದೆ. ಮೂವತ್ತು ವರ್ಷದಿಂದ ಓಡಿಸುತ್ತಿರುವವರು. ಮೊದಲ ಸಲ ಇಪ್ಪತ್ತನಾಲ್ಕು ಹೆಜ್ಜೆ. ‘ಮಣ್ಣಿದೆ’ ಎಂದರು. ಗುಡಿಸಿದೆ. ಇಪ್ಪತ್ತಮೂರು. ‘ಟೈರ್ ಹಳೆಯದು’ ಎಂದರು. ಅದೇ ಗಾಡಿಯನ್ನು ತೆಗೆದುಕೊಂಡು ನಾನು ಹದಿನಾಲ್ಕಕ್ಕೆ ನಿಲ್ಲಿಸಿದೆ. ಆ ದಿನ ಅವರು ಮಾತಾಡಲಿಲ್ಲ. ಮಾರನೆಯ ದಿನ ಬೆಳಗ್ಗೆ ಆರಕ್ಕೆ ಹಾಲಿಗೆ ಹೋಗುತ್ತೇನೆಂದು ಹೇಳಿ ಹೋದವರು ಅರ್ಧ ಗಂಟೆ ತಡವಾಗಿ ಬಂದರು; ಬೂಟಿಗೆ ಮೈದಾನದ ಕೆಂಪು ಮಣ್ಣು ಮೆತ್ತಿತ್ತು. ನಾನೂ ಏನೂ ಕೇಳಲಿಲ್ಲ.

ಈಗ ಆ ಹುಡುಗನ ವಿಷಯ. ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಕಟ್ಟಿಕೊಂಡು ಮರಳುತ್ತಿದ್ದ. ತಂದೆಯ 100 ಸಿಸಿ ಗಾಡಿ, ಹಳೆಯದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಎರಡೂ ಬ್ರೇಕು ಕೂಡಿ ಕೆಲಸ ಮಾಡುವ ವ್ಯವಸ್ಥೆ, ಅದಕ್ಕೂ ದೊಡ್ಡವಕ್ಕೆ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಈ ಗಾಡಿ ಅದಕ್ಕೂ ಹಿಂದಿನದು. ಪರವಾನಗಿ ಇತ್ತು, ಅವನೂ ಎಂಟು ಸುತ್ತಿಯೇ ಪಡೆದದ್ದು. ಹುಣಸೆ ಮರದ ತಿರುವಿನಲ್ಲಿ ಎದುರಿಗೆ ಏನೋ ಅಡ್ಡ ಬಂತು, ನಾಯಿ ಎನ್ನುತ್ತಾರೆ. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು.

ಮೂರನೆಯ ದಿನ ಶಾಲೆಗೆ ಹೋಗುವಾಗ ಅಲ್ಲಿ ಗಾಡಿ ನಿಲ್ಲಿಸಿದೆ. ಡಾಂಬರಿನ ಮೇಲೆ ಕಪ್ಪು ಗೆರೆ ಇನ್ನೂ ಇತ್ತು. ಒಂದೇ ಗೆರೆ, ಒಂದೇ ಚಕ್ರದ್ದು. ರಸ್ತೆ ಎಡಕ್ಕೆ ಹೊರಳುತ್ತದೆ, ಗೆರೆ ಹೊರಳುವುದಿಲ್ಲ; ಸ್ವಲ್ಪ ಹಾವಿನಂತೆ ಅಲುಗಿ ನೇರ ಮರಕ್ಕೆ ಹೋಗುತ್ತದೆ. ಹೆಜ್ಜೆ ಹಾಕಿದೆ, ಹತ್ತೊಂಬತ್ತು. ಮೂರು ವರ್ಷ ಅವನ ಪ್ರಬಂಧ ತಿದ್ದಿದವಳು ನಾನು, ‘ಮಹಾಪ್ರಾಣ ಎಲ್ಲಿ ಹೋಯಿತೋ’ ಎಂದು ಗದರಿದವಳು. ಅವನ ಕೈಬರಹ ಓದಿದಂತೆಯೇ ಈ ಗೆರೆಯನ್ನೂ ಓದಲು ಬಂತು. ಕಾಲನ್ನು ಪೂರ್ತಿ ಒತ್ತಿದ್ದಾನೆ. ಕೈ ಮುಂದಿನ ಬ್ರೇಕಿಗೆ ಹೋಗಿಲ್ಲ, ಹೋಗಬಾರದೆಂದು ಯಾರೋ ಹೇಳಿದ್ದರು. ಮರವನ್ನೇ ನೋಡಿದ್ದಾನೆ. ಹೇಳಿಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಾನೆ. ಇದಕ್ಕೆ ‘ನಿಯಂತ್ರಣ ತಪ್ಪಿ’ ಎಂದು ಬರೆದರೆ, ತಪ್ಪನ್ನು ಸತ್ತವನ ಹೆಸರಿಗೆ ಬರೆದು ಕಡತ ಮುಚ್ಚಿದಂತೆ.

ಅಂಕಿ ಅಂಶ ನನ್ನ ವಿಷಯವಲ್ಲ, ಆದರೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ತೆರೆದು ನೋಡಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು 74,897. ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು. ಹೆಲ್ಮೆಟ್ ಹಾಕದೆ ಸತ್ತವರು ಐವತ್ತು ಸಾವಿರ. ಹೆಲ್ಮೆಟ್ಟಿನ ಬಗ್ಗೆ ಬೇಕಾದಷ್ಟು ಜನ ಬರೆಯುತ್ತಾರೆ, ಬರೆಯಲಿ. ಅದು ಬಿದ್ದ ಮೇಲಿನ ಮಾತು. ಬೀಳದಿರುವುದನ್ನು ಕಲಿಸುವ ಮಾತು ಯಾರದೂ ಅಲ್ಲ. ಕಾರು ಕಲಿಯುವವರಿಗೆ ಮಾನ್ಯತೆ ಪಡೆದ ಕೇಂದ್ರಗಳಲ್ಲಿ 29 ಗಂಟೆಗಳ ತರಬೇತಿ ಎಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಬ್ರಿಟನ್ನಿನಲ್ಲಿ 1990ರಿಂದ ಹೊಸ ಬೈಕ್ ಸವಾರ ಮೂಲ ತರಬೇತಿ ಮುಗಿಸದೆ ‘ಎಲ್’ ಬೋರ್ಡ್ ಹಾಕಿಕೊಂಡೂ ರಸ್ತೆಗೆ ಇಳಿಯುವಂತಿಲ್ಲ. ನಮ್ಮ ಹಾಲಿನ ಹುಡುಗರು ಬೆಂಗಳೂರಿಗೆ ಹೋಗಿ 6,500 ರೂಪಾಯಿ ಕೊಟ್ಟು ಕಲಿಯಲಾರರು. ಎಲ್‌ಎಲ್‌ಆರ್ ಕೊಟ್ಟ ಮೇಲೆ ಹೇಗೂ ಮೂವತ್ತು ದಿನ ಕಾಯಿಸುತ್ತಾರಲ್ಲ, ಆ ಮೂವತ್ತು ದಿನದಲ್ಲಿ ಎರಡು ಭಾನುವಾರ ಸಾರಿಗೆ ಇಲಾಖೆಯೇ ತಾಲ್ಲೂಕಿಗೊಂದು ಮೈದಾನದಲ್ಲಿ ಇವರನ್ನು ಕರೆದು ಬ್ರೇಕ್ ಹಿಡಿಸಬಾರದೇ? ಎಪಿಎಂಸಿ ಅಂಗಳ ಭಾನುವಾರ ಖಾಲಿ ಬಿದ್ದಿರುತ್ತದೆ. ಹನ್ನೆರಡು ಶಂಕು, ಒಂದು ಡಬ್ಬ ಸುಣ್ಣ, ತಿಳಿದವರು ಇಬ್ಬರು ಇದ್ದರೆ ಸಾಕು. ಎಂಟರ ಪಕ್ಕದಲ್ಲಿ ಒಂದು ನೇರ ಗೆರೆ ಎಳೆದು, ಮೂವತ್ತು ಕಿಲೋಮೀಟರಿನಲ್ಲಿ ಬಂದು ಇಷ್ಟರೊಳಗೆ ನಿಲ್ಲಿಸಿ ಎಂದರೆ ಪರೀಕ್ಷೆ ಎರಡು ನಿಮಿಷ ಹೆಚ್ಚಾದೀತು.

ಹೆಂಗಸರ ವಿಷಯದಲ್ಲಿ ಒಂದು ಮಾತು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಬೈಕಿಗೆ ತಡೆ ಇರಬೇಕು ಎಂದು ಅದೇ 1989ರ ನಿಯಮಗಳಲ್ಲಿ ಬರೆದಿದ್ದಾರೆ. ಅಂಗಡಿಯವರು ಅದನ್ನು ‘ಸ್ಯಾರಿ ಗಾರ್ಡ್’ ಎನ್ನುತ್ತಾರೆ. ಒಳ್ಳೆಯ ನಿಯಮ, ಬೇಡವೆನ್ನುವುದಿಲ್ಲ. ಸೀರೆ ಉಟ್ಟವಳು ಮುಂದೆ ಕೂರಬಹುದು ಎಂದು ಮಾತ್ರ ಯಾರಿಗೂ ಹೊಳೆದಿಲ್ಲ. ಶಾಲೆಯಲ್ಲಿ ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಳ್ಳುವಾಗ ನಮ್ಮ ಸಹೋದ್ಯೋಗಿಗಳ ಮುಖ ನೋಡಬೇಕು ನೀವು.

ಸಂಕ್ರಾಂತಿಯ ಹೊತ್ತಿಗೆ ಮತ್ತೆ ಅದೇ ತಿರುವು, ಅದೇ ಯಜಮಾನರ ಹುರುಳಿ. ಈ ಸಲ ತಿರುವಿಗೆ ಮುಂಚೆಯೇ ನಿಧಾನಿಸಿದ್ದೆ. ಹುರುಳಿಯ ಅಂಚು ಬರುವಷ್ಟರಲ್ಲಿ ಬ್ರೇಕ್ ಪೂರ್ತಿ ಬಿಟ್ಟು, ಗಾಡಿ ನೆಟ್ಟಗಿರಿಸಿ, ಎರಡನೆಯ ಗೇರಿನಲ್ಲಿ ಆಚೆ ತುದಿಯ ಹೊಂಗೆ ಮರವನ್ನು ನೋಡುತ್ತ ದಾಟಿದೆ. ಕೆಳಗೆ ಹುರುಳಿಕಾಯಿ ಚಟಪಟ ಒಡೆಯಿತು. ದಾಟಿ ನಿಲ್ಲಿಸಿ, ಇಳಿದು ಹೋಗಿ ರಸ್ತೆಯಲ್ಲಿ ಒಕ್ಕಣೆ ಮಾಡುವುದಕ್ಕೆ ಅವರನ್ನು ಚೆನ್ನಾಗಿ ಬೈದೆ. ಒಂದು ಸೇರು ಹುರುಳಿ ಕೊಟ್ಟು ಕಳುಹಿಸಿದರು.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಅಪಘಾತದ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು ಪೊಲೀಸರ ಮಾತನ್ನೇ ಇಳಿಸಿಕೊಳ್ಳದೆ ಒಂದೆರಡು ಪ್ರಶ್ನೆ ಕೇಳಲಿ. ರಸ್ತೆಯ ಮೇಲೆ ಚಕ್ರದ ಗುರುತು ಎಷ್ಟಿತ್ತು, ಒಂದೋ ಎರಡೋ? ಸವಾರ ಎಲ್ಲಿ ಕಲಿತದ್ದು? ಉತ್ತರ ಸಿಕ್ಕದಿದ್ದರೆ ‘ಬೈಕ್ ಮರಕ್ಕೆ ಡಿಕ್ಕಿ ಹೊಡೆದು’ ಎಂದಷ್ಟೇ ಬರೆಯಿರಿ. ವಾಕ್ಯ ವ್ಯಾಕರಣದ ಪ್ರಕಾರ ಪೂರ್ತಿಯಾಗಿಯೇ ಇರುತ್ತದೆ, ನಾನು ಗೆರೆ ಎಳೆಯುವುದಿಲ್ಲ.

ಈ ತಿಂಗಳಿಂದ ಭಾನುವಾರ ಬೆಳಗ್ಗೆ ನಮ್ಮ ಮೈದಾನಕ್ಕೆ ನಾಲ್ಕೈದು ಹಳೆಯ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಹದಿನೆಂಟು ತುಂಬಿ, ಪರವಾನಗಿಯಾಗಲಿ ಎಲ್‌ಎಲ್‌ಆರ್ ಆಗಲಿ ಇದ್ದು, ಹೆಲ್ಮೆಟ್ ತಂದವರಿಗೆ ಮಾತ್ರ ಪ್ರವೇಶ. ನಾನು ತರಬೇತುದಾರಳಲ್ಲ, ಹಾಗೆಂದು ಅವರಿಗೂ ಹೇಳಿದ್ದೇನೆ. ಗೆರೆಯ ಬಳಿ ನಿಂತು ಹೆಜ್ಜೆ ಎಣಿಸುತ್ತೇನೆ, ಅಷ್ಟೇ. ಇಪ್ಪತ್ತಮೂರರಿಂದ ಹದಿನೈದಕ್ಕೆ ಬಂದವನೊಬ್ಬ ಇದ್ದಾನೆ. ಶಾಲಾ ಸಮಿತಿ ಎಸ್‌ಡಿಎಂಸಿಯವರು ಒಪ್ಪಿಗೆ ಕೊಟ್ಟಿದ್ದಾರೆ, ಮುಖ್ಯೋಪಾಧ್ಯಾಯರು ಒಂದು ಷರತ್ತು ಹಾಕಿದ್ದಾರೆ. ಅದನ್ನು ಪಾಲಿಸುತ್ತಿದ್ದೇನೆ ಎಂದು ಸಾರ್ವಜನಿಕವಾಗಿ ದಾಖಲಾಗಲಿ: ಗೆರೆ ಎಳೆಯುವ ಸೀಮೆಸುಣ್ಣ ಶಾಲೆಯದಲ್ಲ, ನನ್ನ ದುಡ್ಡಿನದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ, ಮೈಸೂರು ಜಿಲ್ಲೆ

(ಹೆಸರು ಪ್ರಕಟಿಸುವುದು ಬೇಡ. ಬೂಟು ಹಾಕಿಕೊಂಡ ದಿನದಿಂದ ಮಕ್ಕಳು ನನಗೆ ಸಾಕಷ್ಟು ಹೆಸರಿಟ್ಟಿದ್ದಾರೆ.)